ಭಾರದ ಮುಂದೆ ನಡೆಯುವ ನಿಧಾನಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೊಳೆಯ ಈ ದಡದಲ್ಲಿ, ಹಳೆಯ ಕಬ್ಬಿಣದ ಸೇತುವೆಗೆ ಸ್ವಲ್ಪ ಹಿಂದೆ, ಮೈಲಿಗಲ್ಲಿನ ಮೇಲೆ ಕೂತು ಒಬ್ಬ ಹೆಂಗಸು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಾರೆ. ಸಾದಾ ಕ್ಯಾನ್ವಾಸ್ ಶೂ. ಎರಡರ ಹಿಮ್ಮಡಿಗೂ ಕಿತ್ತಳೆ ಬಣ್ಣದ ಹೊಳೆಯುವ ಪಟ್ಟಿ ಹೊಲಿದಿದೆ. ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಎದ್ದು ನಿಂತು ಬಲಗಾಲನ್ನು ಮಡಚಿ ಬಿಡಿಸಿ ನೋಡುತ್ತಾರೆ. ಮತ್ತೆ ಕೂರುತ್ತಾರೆ. ಅವರ ಬೆನ್ನ ಹಿಂದೆ, ಸಣ್ಣ ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಹೊತ್ತ ಟ್ರೇಲರ್ ರಸ್ತೆಯನ್ನೆಲ್ಲ ತುಂಬಿಕೊಂಡು ನಿಂತಿದೆ. ಅದರ ಚಕ್ರ ಎಣಿಸಲು ಹೊರಟವರು ಸಾಮಾನ್ಯವಾಗಿ ಅರ್ಧಕ್ಕೇ ಬಿಟ್ಟುಬಿಡುತ್ತಾರೆ.

ಐವತ್ತೆಂಟರ ಈ ಹೆಂಗಸನ್ನು ಲಾರಿ ಜನ ಕರೆಯುವುದು ನಿಧಾನಕ್ಕ ಎಂದು. ಬೈಗುಳವಲ್ಲ, ಬಿರುದು. ಅತಿ ಭಾರದ ಸರಕು ಹಳೆಯ ಸೇತುವೆ ದಾಟುವಾಗ ಅದರ ಮುಂದೆ ನಡೆಯುವುದು ಅವರ ಕೆಲಸ. ನಡೆಯುವುದು, ಅಷ್ಟೇ. ಅದೂ ಒಂದು ಕೆಲಸವೇ ಎಂದು ಕೇಳಿದವರಿಗೆ ಅವರ ಬಳಿ ಸಿದ್ಧ ಉತ್ತರವಿದೆ: "ನಡೆಯೋದಕ್ಕಲ್ಲಪ್ಪ ಸಂಬಳ. ನಿಲ್ಲದೇ ಇರೋದಕ್ಕೆ."

ಇಷ್ಟು ಅಗಲದ, ಇಷ್ಟು ತೂಕದ ಸರಕು ರಸ್ತೆಗಿಳಿಯಬೇಕಾದರೆ ಪರ್ಮಿಟ್ ಬೇಕು. ಪರ್ಮಿಟ್ ಅಂದರೆ ಒಂದು ಹಾಳೆಯಲ್ಲ, ಒಂದು ಕಂತೆ. ಸೂರ್ಯ ಹುಟ್ಟಿದ ಮೇಲೆ ಹೊರಡಬೇಕು, ಮುಳುಗುವ ಮೊದಲು ನಿಲ್ಲಬೇಕು. ಮುಂದೊಂದು ಹಿಂದೊಂದು ಕಾವಲು ಗಾಡಿ ಇರಬೇಕು. ಗಾಳಿ ಜೋರಾದರೆ ಕದಲಬಾರದು. ಹೀಗೆ ಓದುತ್ತ ಹೋದರೆ ಹಳೆಯ ಸೇತುವೆಗಳ ಪುಟ ಬರುತ್ತದೆ. ಅಲ್ಲಿ ಷರತ್ತುಗಳು ಇನ್ನೂ ಬಿಗಿ: ಸೇತುವೆಯ ಮೇಲೆ ಬೇರೆ ವಾಹನ ಇರಕೂಡದು, ನಡುಗೆರೆ ಬಿಟ್ಟು ಸರಿಯಕೂಡದು, ನಡಿಗೆಯ ವೇಗ ಮೀರಕೂಡದು, ಗೇರ್ ಬದಲಿಸಕೂಡದು, ಬ್ರೇಕ್ ಹಾಕಕೂಡದು.

"ನಡಿಗೆಯ ವೇಗ ಅಂತ ಬರೆದುಬಿಟ್ರು, ಯಾರ ನಡಿಗೆ ಅಂತ ಬರೀಲಿಲ್ಲ" ಎಂದು ನಿಧಾನಕ್ಕ ನಗುತ್ತಾರೆ. "ಒಬ್ಬೊಬ್ಬರು ಒಂದೊಂದು ಥರ ನಡೀತಾರೆ. ಅದಕ್ಕೇ ನಾನಿರೋದು."

ಅಷ್ಟು ನಿಧಾನದಲ್ಲಿ ಲಾರಿಯ ಸ್ಪೀಡೋಮೀಟರ್ ಮುಳ್ಳು ಮೇಲೇಳುವುದೇ ಇಲ್ಲ. ಡ್ರೈವರ್ ಕೂತಿರುವುದು ಮಹಡಿಯ ಮೇಲಿನಂಥ ಎತ್ತರದಲ್ಲಿ. ಬಾನೆಟ್ಟಿನ ಬುಡದ ರಸ್ತೆ ಅವನಿಗೆ ಕಾಣದು. ಹಾಗಾಗಿ ಅವನು ಮುಂದೆ ನಡೆಯುವವರ ಹಿಮ್ಮಡಿಯಲ್ಲಿ ಕಣ್ಣು ನೆಟ್ಟು ಬರುತ್ತಾನೆ. ಅವರು ನಡುಗೆರೆಯ ಮೇಲಿದ್ದರೆ ಲಾರಿಯೂ ನಡುಗೆರೆಯ ಮೇಲೆ. ಅವರು ನಿಂತರೆ ಬ್ರೇಕ್ ಒತ್ತದೆ ಬೇರೆ ದಾರಿಯಿಲ್ಲ. ಉರುಳುವ ಭಾರವನ್ನು ಹಳೆಯ ಸೇತುವೆ ಹೇಗೋ ತಡೆದುಕೊಳ್ಳುತ್ತದೆ, ಆದರೆ ಅಂಥ ಭಾರ ಗಕ್ಕನೆ ನಿಂತರೆ ಬೀಳುವ ಏಟು ಬೇರೆಯೇ. ಆದ್ದರಿಂದ ಮುಂದೆ ನಡೆಯುವವರು ಸೀನು ಬಂದರೂ, ನಾಯಿ ಅಡ್ಡ ಬಂದರೂ, ಯಾರು ಹೆಸರು ಹಿಡಿದು ಕೂಗಿದರೂ ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಯಾರ ಹೆಸರು ಪರ್ಮಿಟ್‌ನಲ್ಲಿದೆಯೋ ಅವರೇ ನಡೆಯಬೇಕು. ಈ ಪರ್ಮಿಟ್‌ನಲ್ಲಿ ನಡೆಯುವವರ ಹೆಸರು ನಿಧಾನಕ್ಕನದು, ಡ್ರೈವರ್ ಹೆಸರು ಅವರ ಸ್ವಂತ ತಮ್ಮನದು.

ಇಂದು ಬೆಳಿಗ್ಗೆ ಅವರು ಲೇಸನ್ನು ಎರಡೆರಡು ಸಲ ಕಟ್ಟುತ್ತಿರುವುದಕ್ಕೆ ಕಾರಣವಿದೆ. ಕಳೆದ ಸಲ ಇದೇ ಸೇತುವೆಯ ಮೇಲೆ ಅವರು ನಿಂತುಬಿಟ್ಟಿದ್ದರು.

ಕೆಲವು ತಿಂಗಳ ಹಿಂದಿನ ಮಾತು. ಹಿಂದೆ ಹೀಗೇ ಒಂದು ಭಾರ ಬರುತ್ತಿತ್ತು. ಸೇತುವೆಯ ನಡುಮಧ್ಯದಲ್ಲಿ ಬಲಮಂಡಿ ಹಠಾತ್ತನೆ ಕಚ್ಚಿಕೊಂಡಿತು. ಕಾಲು ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ತಮ್ಮ ಬ್ರೇಕ್ ಒತ್ತಿದರು. ಕಂಬಿಗಳು ಕಿರುಗುಟ್ಟಿ, ಸೇತುವೆ ಒಮ್ಮೆ ಮೈಕೊಡವಿ ಸುಮ್ಮನಾಯಿತು. ಅವರು ಹಲ್ಲು ಕಚ್ಚಿ ಕಾಲೆಳೆದುಕೊಂಡು ದಾಟಿದರು, ಲಾರಿಯೂ ದಾಟಿತು. ದಡದಲ್ಲಿ ಅಧಿಕಾರಿಗಳು ಯಾರೂ ಇರಲಿಲ್ಲ. ಯಾರೂ ನೋಡಿಲ್ಲ, ಸುಮ್ಮನಿದ್ದುಬಿಡೋಣ ಎಂದು ತಂಡದವರೆಲ್ಲ ಮಾತಾಡಿಕೊಂಡರು. ಮರುದಿನ ಬೆಳಗಾಗುತ್ತಲೇ ನಿಧಾನಕ್ಕ ಕುಂಟುತ್ತ ಸೇತುವೆ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

"ಶಾಲೆ ಬಸ್ಸೂ ಅದರ ಮೇಲೇ ಹೋಗೋದು" ಎನ್ನುತ್ತಾರೆ. "ರಾತ್ರಿಯೆಲ್ಲ ಅದೇ ಕಣ್ಣಮುಂದೆ. ಹೇಳಿ ಬಂದ ಮೇಲೇ ನಿದ್ದೆ ಹತ್ತಿದ್ದು."

ಸೇತುವೆ ಮುಚ್ಚಿತು. ಊರಿನ ಜನ ಸುತ್ತುದಾರಿ ಹಿಡಿದು ಓಡಾಡಿ ಕಂಡಕಂಡವರಿಗೆಲ್ಲ ಶಾಪ ಹಾಕಿದರು. ಬ್ರೇಕ್ ಒತ್ತಿದ್ದಕ್ಕೆ ತಮ್ಮನನ್ನು ದೊಡ್ಡ ಲಾರಿಯಿಂದ ಇಳಿಸಿ ನೀರಿನ ಟ್ಯಾಂಕರ್‌ಗೆ ಹಾಕಿದರು. ಇಂಥ ಭಾರಗಳನ್ನು ಎಳೆದ ಕೈಗೆ ಗಲ್ಲಿಗಲ್ಲಿಯಲ್ಲಿ ಪೈಪು ಹಿಡಿಯುವ ಕೆಲಸ. ಅವರು ಅಕ್ಕನ ಜೊತೆ ಮಾತು ಬಿಟ್ಟರು. ಅಕ್ಕನ ಮಂಡಿ ಆಪರೇಷನ್ನಿಗೆ ಆಸ್ಪತ್ರೆಗೆ ಬಂದರು, ಔಷಧಿ ತಂದರು, ರಾತ್ರಿ ಹೊರಗಿನ ಬೆಂಚಿನ ಮೇಲೆ ಮಲಗಿದರು. ಆದರೆ ಮುಖ ಮಾತ್ರ ಗಂಟು. ಏನಿದ್ದರೂ ಹೆಂಡತಿಯ ಬಾಯಿಂದಲೇ ಹೇಳಿಸುತ್ತಿದ್ದರು.

ಸದ್ಯ, ಸೇತುವೆಗೆ ಏನೂ ಆಗಿರಲಿಲ್ಲ. ತಪಾಸಣೆ ಮುಗಿಸಿದ ಸೇತುವೆ ಕಚೇರಿಯ ಎಂಜಿನಿಯರ್ ಮೇಡಂ ತಾವೇ ಫೋನ್ ಮಾಡಿ ಆ ಸುದ್ದಿ ಹೇಳಿದ ದಿನ ನಿಧಾನಕ್ಕನಿಗೆ ಹೋದ ಜೀವ ಬಂದಂತಾಯಿತು. ಮಂಡಿಯೊಳಗೆ ಹರಿದು ಸಿಕ್ಕಿಕೊಂಡಿದ್ದ ಒಂದು ಚೂರನ್ನು ವೈದ್ಯರು ತೆಗೆದಿದ್ದರು. ಟೈರ್ ರಿಪೇರಿ ಅಂಗಡಿಯ ಮೇಲಿನ ಅವರ ಎರಡು ಕೋಣೆಯ ಮನೆಯಲ್ಲಿ, ಕಣಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಕಾಲು ಎತ್ತುವುದು, ಇಳಿಸುವುದು. ಆಮೇಲೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುವುದು. ಕೆಳಗಿನ ಅಂಗಡಿಯವರು ಒಂದು ದಿನ ಮೇಲೆ ಬಂದು, "ಏನಕ್ಕಾ, ಮನೆ ಅಳತೆ ಮಾಡ್ತಿದೀರಾ?" ಎಂದು ಕೇಳಿದರಂತೆ.

ಈ ನಿಧಾನ ಅವರಿಗೆ ಹುಟ್ಟಿನಿಂದಲೇ ಬಂದದ್ದು. ತಮ್ಮನ ಹೆಂಡತಿಯ ದೂರನ್ನೇ ಕೇಳಿ: "ಅತ್ತಿಗೆ ಜೊತೆ ತರಕಾರಿ ತರೋಕೆ ಹೋದ್ರೆ ನಾವು ಮುಟ್ಟೋಷ್ಟರಲ್ಲಿ ಅಂಗಡಿ ಬಾಗಿಲು ಹಾಕಿರ್ತಾರೆ. ನಾನು ಹೋಗಿ ತಂದು ವಾಪಸ್ ಬರುವಾಗ ದಾರೀಲಿ ಸಿಗ್ತಾರೆ." ಮೊದಲು ಅವರು ರಸ್ತೆ ರಿಪೇರಿ ನಡೆಯುವಲ್ಲಿ ವಾಹನ ನಿಲ್ಲಿಸುವ ಬೋರ್ಡು ಹಿಡಿಯುತ್ತಿದ್ದರು. ತಮ್ಮ ಆಗಿನ್ನೂ ಲಾರಿ ಕ್ಲೀನರ್. ಒಂದು ದಿನ ಭಾರದ ಮುಂದೆ ನಡೆಯಬೇಕಿದ್ದವನು, ಸೇತುವೆ ಅದುರಿದ್ದೇ ತಡ, ಹಿಂದಿರುಗಿ ನೋಡದೆ ಓಡಿಹೋದ. ನಿಧಾನವಾಗಿ ನಡೆಯುವವರು ಯಾರಾದರೂ ಇದ್ದಾರಾ ಎಂದು ಲಾರಿ ಮಾಲೀಕರು ತಲೆ ಚಚ್ಚಿಕೊಂಡಾಗ ಕ್ಲೀನರ್ ತಮ್ಮ ಹೇಳಿದ್ದು ಒಂದೇ ಮಾತು: "ನಮ್ಮಕ್ಕ ಇದಾಳೆ. ಅವಳಿಗಿಂತ ನಿಧಾನ ಬೇಕಂದ್ರೆ ಮರ ತರಬೇಕು." ಅಂದಿನಿಂದ ಅವರು ನಡೆಯುತ್ತಲೇ ಇದ್ದಾರೆ.

ಆ ಒಂದೇ ಸಮನಾದ ನಡಿಗೆ ಹೇಗೆ ಬಂತು? ಈ ಪ್ರಶ್ನೆಗೆ ಅವರು ತಮ್ಮನ ಕಡೆ ಕೈ ತೋರಿಸುತ್ತಾರೆ. "ಅಮ್ಮ ಕೆಲಸಕ್ಕೆ ಹೋಗ್ತಿದ್ರು. ಇವನು ಕೂಸು, ನಂಗೆ ಹತ್ತೋ ಹನ್ನೊಂದೋ. ಹೆಗಲ ಮೇಲೆ ಹಾಕ್ಕೊಂಡು ಮಲಗಿಸ್ಬೇಕಿತ್ತು. ಬೇಗ ನಡೆದ್ರೆ ಎಚ್ಚರಾಗೋನು. ನಿಂತ್ರಂತೂ ಕಿಟಾರನೆ ಕಿರುಚೋನು. ಈಗ್ಲೂ ಅಷ್ಟೇ ಅಂದ್ಕೋತೀನಿ. ಹೆಗಲ ಮೇಲೆ ಮಗು ಮಲಗಿದೆ, ಏಳಿಸಬಾರದು."

ಆ ಮಗು ಈಗ ನಲವತ್ತೇಳರ ಗಂಡಸು, ಮೀಸೆ ನರೆತಿದೆ. ಕಂಪನಿ ಅವರನ್ನು ಮತ್ತೆ ದೊಡ್ಡ ಲಾರಿಗೆ ಕರೆದಾಗ ಬೇರೆ ಇಬ್ಬರನ್ನು ಯಾರ್ಡಿನಲ್ಲಿ ಖಾಲಿ ಟ್ರೇಲರ್ ಮುಂದೆ ನಡೆಸಿ ನೋಡಿದರು. ಒಬ್ಬ ಬಸ್ಸು ತಪ್ಪಿಹೋಗುವವನಂತೆ ನಡೆದ. ಇನ್ನೊಬ್ಬ ಎರಡು ಹೆಜ್ಜೆಗೊಮ್ಮೆ ತಿರುಗಿ, ಲಾರಿ ಮೈಮೇಲೆ ಬಂತಾ ಎಂದು ನೋಡಿದ. ಅಂದು ಸಂಜೆ ತಮ್ಮನೇ ಅಕ್ಕನ ಮನೆಯ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು.

"ಸಿಟ್ಟು ಇನ್ನೂ ಇಳಿದಿಲ್ಲ" ಎಂದರು. "ಆದ್ರೆ ಬೇರೆಯವರ ಹಿಂದೆ ನಂಗೆ ಓಡ್ಸೋಕಾಗಲ್ಲ. ಮಂಡಿ ಹೇಗಿದೆ?"

"ಒಳಗೆ ಬಾ. ಚಹಾ ಕುಡಿ. ಆಮೇಲೆ ಮಂಡಿ ವಿಷಯ" ಎಂದರು ಅಕ್ಕ.

ಪರ್ಮಿಟ್ ಸಿಕ್ಕಿತು, ಆದರೆ ಒಂದು ಷರತ್ತು ಹೆಚ್ಚಾಗಿ. ಈ ಸಲ ಎಂಜಿನಿಯರ್ ಮೇಡಂ ಖುದ್ದಾಗಿ ನಿಂತು ನೋಡುತ್ತಾರೆ. ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ನೇರ. ಸೇತುವೆಯ ಕೆಳಗೆ, ತೊಲೆ ಎಷ್ಟು ಬಾಗುತ್ತದೆಂದು ತೋರಿಸುವ ಮಾಪಕದ ಮುಂದೆ ಸಹಾಯಕರೊಬ್ಬರನ್ನು ಕೂರಿಸಿದ್ದಾರೆ. ಕೈಯಲ್ಲಿ ವಾಕಿಟಾಕಿ. "ನೋಡಿ ಅಕ್ಕಾ, ನೀವು ಬಂದು ಹೇಳಿದ್ರಿ, ಅದಕ್ಕೆ ನಿಮ್ಮ ಮೇಲೆ ಗೌರವ ಇದೆ" ಎಂದು ಎಲ್ಲರೆದುರೇ ಹೇಳುತ್ತಾರೆ. "ಆದ್ರೆ ಇವತ್ತು ನಿಂತ್ರೆ, ಮುಂದಿನ ಪರ್ಮಿಟ್‌ನಲ್ಲಿ ನಿಮ್ಮಿಬ್ಬರ ಹೆಸರೂ ಇರಲ್ಲ. ಅಲ್ಲಿ ನನ್ನ ಗೌರವ ನಡೆಯಲ್ಲ."

ಅಕ್ಕ ತಲೆಯಾಡಿಸುತ್ತಾರೆ. ತಮ್ಮ ಮತ್ತೆ ಟ್ಯಾಂಕರ್ ಪೈಪು ಹಿಡಿಯುವುದು ಅವರ ಕಣ್ಣಮುಂದೆ ಬರುತ್ತದೆ. ಕ್ಯಾಬಿನ್ನಿನಿಂದ ತಮ್ಮ ಇಣುಕಿ, ಅಕ್ಕನ ಮಂಡಿಯನ್ನೊಮ್ಮೆ ನೋಡಿ ಗಾಜು ಏರಿಸಿಕೊಳ್ಳುತ್ತಾರೆ.

ಸೂರ್ಯ ಮೇಲೆ ಬಂದಿದ್ದಾನೆ. ಎರಡೂ ದಡದಲ್ಲಿ ವಾಹನ ತಡೆದಿದ್ದಾರೆ. ಎಂಜಿನಿಯರ್ ಮೇಡಂ ಕೈ ಎತ್ತುತ್ತಾರೆ. ನಿಧಾನಕ್ಕ ನಡುಗೆರೆಯ ಮೇಲೆ ಮೊದಲ ಹೆಜ್ಜೆ ಇಡುತ್ತಾರೆ. ಹಿಂದೆ ಎಂಜಿನ್ ಗುಡುಗುತ್ತದೆ.

ಆಚೆ ದಡದಲ್ಲಿ ತಡೆದು ನಿಲ್ಲಿಸಿದ ಬೈಕ್ ಸವಾರನೊಬ್ಬ ಗಟ್ಟಿಯಾಗಿ ಕೂಗುತ್ತಾನೆ: "ಸ್ವಲ್ಪ ಜೋರಾಗಿ ನಡೀರಮ್ಮ, ಆಫೀಸ್ ಇದೆ!" ಅದು ಅಕ್ಕನ ಕಿವಿಗೆ ಬೀಳುತ್ತದೆ, ಕಾಲಿಗೆ ಬೀಳುವುದಿಲ್ಲ. ಲಾರಿಯ ಮೊದಲ ಚಕ್ರಗಳು ಸೇತುವೆ ಹತ್ತಿದ್ದು ಅಂಗಾಲಿನಿಂದ ಗೊತ್ತಾಗುತ್ತದೆ. ಆ ಕಂಪನ ಅಂಗಾಲಿನಿಂದ ಮೊಣಕಾಲಿಗೆ, ಅಲ್ಲಿಂದ ಹೊಟ್ಟೆಗೆ ಏರುತ್ತದೆ. ಅದು ಮಾಮೂಲು. ಅದಕ್ಕೆ ಅವರು ಹೆದರುವುದಿಲ್ಲ. ಅವರ ಜೀವವೆಲ್ಲ ಇರುವುದು ಬಲಮಂಡಿಯಲ್ಲಿ.

ಅರ್ಧ ಸೇತುವೆಯವರೆಗೆ ಮಂಡಿ ಸುಮ್ಮನಿರುತ್ತದೆ. ಆಮೇಲೆ ಒಳಗೊಂದು ಚಳಕು. ಹೋದ ಸಲ ಶುರುವಾದದ್ದೂ ಹೀಗೇ. ಅವರು ನಡುಗೆರೆಯಿಂದ ಕಣ್ಣು ಕೀಳುವುದಿಲ್ಲ. ನಿಲ್ಲಬಾರದು, ಓಡಬಾರದು, ಮಗು ಏಳಬಾರದು. ಚಳಕು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಮಂಡಿ ಮಾತ್ರ ಮಡಚುತ್ತದೆ, ಬಿಚ್ಚುತ್ತದೆ. ಕಚ್ಚಿಕೊಳ್ಳುವುದಿಲ್ಲ. ಎದುರಿನ ದಡದ ಮಣ್ಣು ಹತ್ತಿರವಾಗುತ್ತದೆ, ಇನ್ನೂ ಹತ್ತಿರವಾಗುತ್ತದೆ, ಕೊನೆಗೆ ಕಾಲಡಿಗೇ ಬರುತ್ತದೆ. ಆಗಲೂ ಅವರು ನಿಲ್ಲುವುದಿಲ್ಲ. ಕೊನೆಯ ಚಕ್ರ ಸೇತುವೆಯಿಂದ ಇಳಿಯುವವರೆಗೆ, ಬೈಕ್ ಸವಾರನ ಪಕ್ಕದಲ್ಲೇ ಹಾದು, ಗೊತ್ತು ಮಾಡಿದ ಕಂಬದವರೆಗೂ ನಡೆಯುತ್ತಾರೆ.

"ನಿಂತಿಲ್ಲ" ಎಂದು ವಾಕಿಟಾಕಿ ಗೊರಗುಡುತ್ತದೆ. "ಮುಳ್ಳು ವಾಪಸ್ ತನ್ನ ಜಾಗಕ್ಕೇ ಬಂದಿದೆ ಮೇಡಂ. ಎಲ್ಲಾ ಸರಿಯಿದೆ."

ಲಾರಿಯ ಹಿಂದೆಯೇ ನಡೆದು ದಾಟಿ ಬಂದ ಎಂಜಿನಿಯರ್ ಮೇಡಂ ಹಿಡಿದಿದ್ದ ಉಸಿರನ್ನು ದೊಡ್ಡದಾಗಿಯೇ ಬಿಡುತ್ತಾರೆ. "ಇಬ್ಬರ ಹೆಸರೂ ಇರುತ್ತೆ" ಎಂದಷ್ಟೇ ಹೇಳಿ ಅಕ್ಕನ ಕೈ ಅದುಮುತ್ತಾರೆ. ಅಕ್ಕ ರಸ್ತೆಯ ಅಂಚಿನಲ್ಲಿ ಹಾಗೇ ಕುಸಿದು ಕೂರುತ್ತಾರೆ. ಯಾರೋ ಚಹಾ ಕೊಡುತ್ತಾರೆ. ಅರ್ಧ ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಳ್ಳುತ್ತಾರೆ. ಅವರಿಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಎರಡನ್ನೂ ಅವರು ತಡೆಯುವುದಿಲ್ಲ.

ತಮ್ಮ ಇಳಿದು, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು ಬರುತ್ತಾರೆ. ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ.

"ನಡುವೆ ನೋಯ್ತು, ಅಲ್ವಾ?"

"ನಿಂಗೆ ಹೇಗೋ ಗೊತ್ತಾಯ್ತು?"

"ಬಲಗಡೆ ಪಟ್ಟಿ ಒಂಚೂರು ತಡವಾಗಿ ಏಳ್ತಿತ್ತು. ನಾನೂ ಆಕ್ಸಿಲರೇಟರ್ ಮೇಲೆ ಕಾಲು ಸ್ವಲ್ಪ ಹಗುರ ಮಾಡ್ದೆ."

"ಅಯ್ಯೋ, ನಾನು ಒಂದೇ ಸಮ ನಡೆದೆ ಅಂದ್ಕೊಂಡಿದ್ದೆ ಕಣೋ."

"ಒಂದೇ ಸಮ ನಡೆದೆ ಬಿಡು. ಇಬ್ರೂ ಸ್ವಲ್ಪ ನಿಧಾನ ಆದ್ವಿ, ಅಷ್ಟೇ. ನಿಧಾನ ಆಗಬಾರದು ಅಂತ ಪರ್ಮಿಟ್‌ನಲ್ಲಿ ಎಲ್ಲೂ ಇಲ್ಲ." ಆಮೇಲೆ ಎಂಜಿನಿಯರ್ ಮೇಡಂ ಕಡೆಗೆ ತಿರುಗಿ, "ಇದೆಯಾ ಮೇಡಂ?" ಎಂದು ಅಳುಕುತ್ತಲೇ ಕೇಳುತ್ತಾರೆ. ಮೇಡಂ ಬೆಳಗಿನಿಂದ ಮೊದಲ ಸಲ ನಗುತ್ತಾರೆ. "ಇಲ್ಲಪ್ಪ, ಇಲ್ಲ."

ಅಕ್ಕನ ಕೈಯಿಂದ ಅರೆ ಲೋಟ ಚಹಾ ತೆಗೆದುಕೊಂಡು ತಮ್ಮನೇ ಕುಡಿದುಬಿಡುತ್ತಾರೆ. ಸಿಟ್ಟಿನ ಮಾತು ಮತ್ತೆ ಬರುವುದಿಲ್ಲ. ತಡೆ ತೆಗೆದಿದ್ದಾರೆ, ಬೈಕುಗಳು, ಕಾರುಗಳು, ಅವುಗಳ ಹಿಂದೆ ಒಂದು ಶಾಲೆ ಬಸ್ಸು ಸೇತುವೆಯ ಮೇಲೆ ಹಾಯಾಗಿ ಸಾಗುತ್ತವೆ. ಒಳಗಿನ ಮಕ್ಕಳಿಗೆ ರಸ್ತೆಯಂಚಿನಲ್ಲಿ ಕೂತ ಈ ಹೆಂಗಸು ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಇನ್ನೆಷ್ಟು ದಿನ ನಡೆಯುತ್ತೀರಿ ಎಂದು ಕೇಳಿದರೆ ಅವರು ತಮ್ಮನ ಕಡೆ ನೋಡುತ್ತಾರೆ. ಅವರಾಗಲೇ ಎದ್ದು, ಮುಂದಿನ ಊರಿನ ದಾರಿ ನೋಡುತ್ತ ಲಾರಿಯ ಕಡೆಗೆ ಹೊರಟಿದ್ದಾರೆ.

"ಇವನು ಸ್ಟೇರಿಂಗ್ ಬಿಡೋವರೆಗೂ ನಡೀತೀನಿ" ಎನ್ನುತ್ತಾರೆ ನಿಧಾನಕ್ಕ. "ಆಮೇಲೆ ಒಂದೇ ಆಸೆ. ಇಬ್ರೂ ಸುಮ್ನೆ ಎಲ್ಲಾದ್ರೂ ನಡ್ಕೊಂಡು ಹೋಗ್ಬೇಕು. ಅವನು ಮುಂದೆ, ನಾನು ಹಿಂದೆ. ಕೂಸಿದ್ದಾಗ ಹೆಗಲ ಮೇಲಿದ್ದ, ದೊಡ್ಡವನಾದ ಮೇಲೆ ನನ್ನ ಹಿಂದಿದ್ದ. ಇವನು ನಡೆಯೋದು ಹೇಗೆ ಅಂತ ನಾನು ಕಣ್ತುಂಬ ನೋಡೇ ಇಲ್ಲ."