ಮಂಗಳವಾರದ ಫಾರಂ ಹಿಡಿದ ಚಿಕ್ಕಸಿದ್ದಯ್ಯ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಕೆಳಗೆ ರೇಷ್ಮೆಗೂಡಿನ ಮಂಡಿ, ಮೇಲೆ ನಮ್ಮ ಕಚೇರಿ. ಕೆಳಗಿನವರು ಗೂಡಿನ ವಾಸನೆಯಲ್ಲಿ ದಿನವಿಡೀ ಮೂಟೆ ಹೊತ್ತು ಬೆವರುತ್ತಿದ್ದರು. ಮೇಲೆ ನಾವು ಫ್ಯಾನಿನಡಿ ಕೂತು, ಬೆವರುವವರು ಎಷ್ಟು ಮಂದಿ ಎಂದು ಎಣಿಸುತ್ತಿದ್ದೆವು. ಯಾರಿಗೆ ಕೆಲಸ ಉಂಟು, ಕೂಲಿ ಎಷ್ಟು, ಕೂಲಿಯ ಜೊತೆ ಇನ್ನೇನು ಸವಲತ್ತು ಸಿಗುತ್ತದೆ, ಇಷ್ಟನ್ನು ಬರೆದು ತಿಂಗಳಿಗೊಮ್ಮೆ ಬೆಂಗಳೂರಿಗೆ ಕಳಿಸುವುದು ನಮ್ಮ ಉದ್ಯೋಗ. ಜನ ಅದನ್ನು ಕೂಲಿ ಲೆಕ್ಕದ ಆಫೀಸು ಎನ್ನುತ್ತಿದ್ದರು. ನಾನು ಅಲ್ಲಿ ಟೈಪಿಸ್ಟ್, ಯಳಂದೂರಿನ ಮಾದಸ್ವಾಮಿ. ಹಳೇ ಮೈಸೂರಿನ ಪ್ರಜೆ ಎಂಬ ಕೊಬ್ಬು ನನಗಿತ್ತು. ಕೊಳ್ಳೇಗಾಲ ಐವತ್ತಾರರವರೆಗೆ ಮದರಾಸಿನ ಕಡೆಗೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲ, ಅಲ್ಲಿಯವರನ್ನು ಕಂಡು ಮೂಗು ಮುರಿಯುತ್ತಿದ್ದೆ. ಮೂಗು ಮುರಿಯಬೇಕಾದದ್ದು ನನ್ನ ಪಕ್ಕದ ಕುರ್ಚಿಯಲ್ಲೇ ಇತ್ತು ಎಂಬುದು ಆಮೇಲೆ ತಿಳಿಯಿತು.

ಆ ಕುರ್ಚಿ ನಮ್ಮ ಸಾಹೇಬರದು. ಅವರ ಹೆಸರು ಬರೆದು ಕಾಗದ ಕೆಡಿಸುವುದಿಲ್ಲ. ಎರಡು ಸಲ ವರ್ಗವಾಯಿತು, ಎರಡು ಸಲವೂ ಯಾರ ಯಾರ ಕಾಲೋ ಹಿಡಿದು ರದ್ದು ಮಾಡಿಸಿಕೊಂಡರು. ಕೊಳ್ಳೇಗಾಲದಿಂದ ಹನೂರಿಗೆ ಹದಿನೈದು ಮೈಲಿಯೂ ಇಲ್ಲ. ಅಷ್ಟು ವರ್ಷದಲ್ಲಿ ಅವರು ಒಂದು ಸಲವೂ ಅತ್ತ ಹೋಗಲಿಲ್ಲ. ಕಾಮಗೆರೆಯವರೆಗೆ ಹೋಗಿದ್ದರು, ಅದೂ ಹೊಟ್ಟೆನೋವಿಗೆ ಆಸ್ಪತ್ರೆಗೆ. ಆ ಹೊಟ್ಟೆನೋವಿನ ಮೇಲೆಯೇ ಅವರಿಗೆ ಆ ಸೀಮೆಯ ಜನಜೀವನವೆಲ್ಲ ಗೊತ್ತಿತ್ತು.

ಚಿಕ್ಕಸಿದ್ದಯ್ಯ ಕೆಲಸಕ್ಕೆ ಬಂದದ್ದು ಐವತ್ತೊಂಬತ್ತರಲ್ಲಿ. ಹನೂರಿನಿಂದಾಚೆ ಒಂದು ಹಳ್ಳಿಯವನು. ಅಪ್ಪ ಅವ್ವ ಇಬ್ಬರೂ ಬೇಗ ಹೋಗಿದ್ದರು. ಅಕ್ಕ ದೊಡ್ಡಮಾದಮ್ಮ ಕೂಲಿ ಮಾಡಿ ತಮ್ಮನನ್ನು ಎಂಟನೇ ಕ್ಲಾಸಿನವರೆಗೆ ಓದಿಸಿದ್ದಳು. ಕನ್ನಡವೂ ಬರುತ್ತಿತ್ತು, ಗಡಿಯ ತಮಿಳೂ ಬರುತ್ತಿತ್ತು. ಹಳ್ಳಿ ಹಳ್ಳಿ ಸುತ್ತಿ ಫಾರಂ ತುಂಬಿಸಿಕೊಂಡು ಬರುವುದು ಅವನ ಕೆಲಸ, ಮಿಕ್ಕ ದಿನ ಕಚೇರಿಯಲ್ಲೇ ಚಾಕರಿ. ಮಾಡಿದ ದಿನಕ್ಕೆ ಕೂಲಿ, ಮಾಡದ ದಿನಕ್ಕೆ ಇಲ್ಲ. ಆ ಕೂಲಿಯೂ ಸಂಬಳದ ಬಿಲ್ಲಿನಲ್ಲಿ ಬರುತ್ತಿರಲಿಲ್ಲ. ಕಚೇರಿಯ ಮಸಿ, ಪೊರಕೆ, ಫೈಲು ಕಟ್ಟುವ ದಾರ ಕೊಳ್ಳುವ ಸಾದಿಲ್ವಾರು ಖರ್ಚಿನಲ್ಲಿ ಬರುತ್ತಿತ್ತು. ನಾಡಿನ ಕೂಲಿಯವರ ಲೆಕ್ಕ ಇಡುವ ಕಚೇರಿ ತನ್ನ ಕೂಲಿಯವನನ್ನು ಪೊರಕೆಯ ಪಕ್ಕ ಬರೆದುಕೊಂಡಿತ್ತು.

ಮೊದಲ ದಿನವೇ ಸಾಹೇಬರು ಹೇಳಿದರು: "ಈ ಮಾರ್ಚಿಗೆ ನಿನ್ನ ಕಾಯಂ ಮಾಡಿಸ್ತೀನಿ ಕಣಯ್ಯ. ಕಾಯಂ ಆದ್ರೆ ಸಂಬಳ, ರಜೆ, ಮುದುಕ ಆದಮೇಲೆ ಪಿಂಚಣಿ."

ಆ ಒಂದು ಮಾತಿನ ಹಿಂದೆ ಅವನು ಎಂಟು ವರ್ಷ ನಡೆದ.

ಫಾರಂ ಬೆಂಗಳೂರಿನಲ್ಲಿ ಅಚ್ಚಾಗಿ ಬರುತ್ತಿತ್ತು. ತಿಂಗಳ ಮೊದಲ ಮಂಗಳವಾರ ಹಳ್ಳಿಗೆ ಹೋಗಬೇಕು, ಸಿಕ್ಕವರನ್ನು ಹಿಡಿದು ಮೊದಲು ಒಂದು ಪ್ರಶ್ನೆ ಕೇಳಬೇಕು: "ನಿನ್ನೆ ಏನು ಕೆಲಸ ಮಾಡಿದೆ?" ಮಾಡಿದ್ದರೆ ಕೂಲಿ ಎಷ್ಟು ಎಂದು ಬರೆಯುವುದು, ಮಾಡಿರದಿದ್ದರೆ "ಇಲ್ಲ" ಎಂದು ಬರೆದು ಅವನನ್ನು ನಿರುದ್ಯೋಗಿಗಳ ಪಟ್ಟಿಗೆ ಸೇರಿಸುವುದು. ಮಂಗಳವಾರ ಎಂದು ಗೊತ್ತುಮಾಡಿದ ಮಹಾನುಭಾವ ಯಾರೋ ಗೊತ್ತಿಲ್ಲ. ಮಂಗಳವಾರದ ಹಿಂದಿನ ದಿನ ಸೋಮವಾರ ಎಂಬಷ್ಟಾದರೂ ಅವನಿಗೆ ತಿಳಿದಿರಬೇಕು. ಆದರೆ ಸೋಮವಾರ ಬೆಟ್ಟದ ದೇವರು ಮಾದಪ್ಪನ ವಾರ ಎಂಬುದು ತಿಳಿದಿರಲಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹನೂರು ದಾಟಿ ಬೆಟ್ಟದ ಕಡೆ ಹೋದ ಹಾಗೆ ಇದು ಇನ್ನೂ ಬಿಗಿ. ಅಲ್ಲಿ ಎತ್ತಿನ ಜೊತೆ ಆಳೂ ಹೊಲಕ್ಕೆ ಇಳಿಯುವುದಿಲ್ಲ, ಕಳೆ ಕೀಳುವ ಹೆಂಗಸೂ ಇಳಿಯುವುದಿಲ್ಲ. ಮಿಕ್ಕ ಆರು ದಿನ ಮೈ ಮುರಿದು ದುಡಿಯುತ್ತಾರೆ.

ಮೊದಲ ತಿಂಗಳು ಚಿಕ್ಕಸಿದ್ದಯ್ಯ ನೂರು ಫಾರಂ ತುಂಬಿಕೊಂಡು ಬಂದ. ತೊಂಬತ್ತನಾಲ್ಕರಲ್ಲಿ "ಇಲ್ಲ." ಅವನಿಗೇ ಗಾಬರಿ. ಫಾರಂ ಮುಂದಿಟ್ಟು ಕೈ ಕಟ್ಟಿಕೊಂಡು ನಿಂತ.

"ಸಾ, ಇದು ತಪ್ಪಾಯ್ತದೆ ಕನ್ ಸಾ. ನೆನ್ನೆ ಸೋಮ್ವಾರ. ಯಾರೂ ಗೇಯಕಿಲ್ಲ. ನೆನ್ನೆ ಅಂದ್ರೆ ಗೇಯೋ ದಿನ ಅಂತ ತಿಳ್ಕಂಡು ಬರೀಲಾ? ಇಲ್ಲಾಂದ್ರೆ ಏಳು ದಿನದ್ದೂ ಕೇಳ್ಲಾ?"

ಸಾಹೇಬರು ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಫಾರಂ ತಿದ್ದೋಕೆ ನೀನ್ಯಾರಯ್ಯ? ಎಂಟನೇ ಕ್ಲಾಸು ಓದಿರೋನು ಬೆಂಗಳೂರಿನೋರಿಗೆ ಬುದ್ಧಿ ಹೇಳ್ತೀಯಾ? ನಿನ್ನೆ ಅಂದ್ರೆ ನಿನ್ನೆ. ಕಾಯಂ ಆಗೋ ಆಸೆ ಉಂಟೋ ಇಲ್ವೋ?"

ಚಿಕ್ಕಸಿದ್ದಯ್ಯ ಬಾಯಿ ಮುಚ್ಚಿಕೊಂಡ. ನಾನು ಯಳಂದೂರಿನವನು, ಸೋಮವಾರದ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ನಾನೂ ಬಾಯಿ ಮುಚ್ಚಿಕೊಂಡೆ. ಅವನಿಗೆ ಹೊಟ್ಟೆಪಾಡಿನ ಭಯವಿತ್ತು. ನಾನು ಕಾಯಂ ನೌಕರ, ನನಗೆ ಆ ನೆವವೂ ಇರಲಿಲ್ಲ. ಹಾಗಾಗಿ ಅವನನ್ನು ಹೇಡಿ ಎಂದು ಬರೆಯುವ ಮೊದಲು ನನ್ನನ್ನು ಬರೆದುಕೊಳ್ಳಬೇಕು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ನಮ್ಮ ಸಾಹೇಬರು. ಒಂದು ವರ್ಷದ ಫಾರಂ ಗುಡ್ಡೆ ಹಾಕಿಕೊಂಡು ಒಂದು ದೊಡ್ಡ ನಕ್ಷೆ ಬರೆಸಿ ಗೋಡೆಗೆ ತೂಗುಹಾಕಿದರು. ಕೊಳ್ಳೇಗಾಲ ಪೇಟೆಯಲ್ಲಿ ಮಗ್ಗಕ್ಕೆ ಸೋಮವಾರವಿಲ್ಲ, ನೂಲು ಬಿಚ್ಚುವ ಕುದಿನೀರಿಗೂ ಸೋಮವಾರವಿಲ್ಲ. ಹಾಗಾಗಿ ಪೇಟೆಯಲ್ಲಿ ಎಲ್ಲರಿಗೂ ಕೆಲಸ. ಕಾಮಗೆರೆಯಲ್ಲಿ ಅರ್ಧಕ್ಕರ್ಧ. ಹನೂರಿನಾಚೆ ಕೆಲಸವೇ ಇಲ್ಲ. ಅವರು ಕಂಡುಹಿಡಿದ ಸತ್ಯ ಏನೆಂದರೆ, ಕೊಳ್ಳೇಗಾಲದಿಂದ ಒಂದೊಂದು ಮೈಲಿ ದೂರ ಹೋದ ಹಾಗೂ ಜನ ಸೋಮಾರಿಗಳಾಗುತ್ತಾರೆ! ಅದನ್ನು ಹನ್ನೆರಡು ಪುಟದ ವರದಿ ಮಾಡಿದರು. ಹನ್ನೆರಡೂ ಪುಟ ನಾನೇ ಟೈಪು ಮಾಡಿದೆ.

ಸವಲತ್ತಿನ ಕಾಲಂ ಇನ್ನೂ ಚೆಂದ. ಆಳುಮಕ್ಕಳು ಚಿಕ್ಕಸಿದ್ದಯ್ಯನಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದರು: ಗೇದ ದಿನ ಮಧ್ಯಾಹ್ನ ಒಂದು ಹಿಟ್ಟು, ಸೊಪ್ಪಿನ ಸಾರು, ವರ್ಷಕ್ಕೊಂದು ಕಂಬಳಿ. ಹಿಟ್ಟು ಎಂದರೆ ರಾಗಿಮುದ್ದೆ, ಅದಕ್ಕೆ ಎಷ್ಟು ಬೆಲೆ ಹಾಕಬೇಕೆಂದು ಸಾಹೇಬರಿಗೆ ಗೊತ್ತಾಗಲಿಲ್ಲ. ತಾವು ದಿನಾ ಉಣ್ಣುತ್ತಿದ್ದ ಹೋಟೆಲಿನ ಊಟದ ಬೆಲೆ ಹಾಕಿದರು, ಹಪ್ಪಳ ಉಪ್ಪಿನಕಾಯಿ ಸಮೇತ. ಹೀಗೆ ನಮ್ಮ ಕಚೇರಿಯ ಕಾಗದದಲ್ಲಿ ಹನೂರಿನ ಕೂಲಿಯವನು ಕೆಲಸವನ್ನೇ ಮಾಡದೆ ಸಾಹೇಬರಷ್ಟೇ ಚೆನ್ನಾಗಿ ಉಣ್ಣುತ್ತಿದ್ದ.

ಕಾಗದ ಕಾಗದವಾಗಿಯೇ ಇದ್ದಿದ್ದರೆ ನಗಾಡಿ ಸುಮ್ಮನಾಗಬಹುದಿತ್ತು. ಅರವತ್ತೆರಡರಲ್ಲಿ ಆ ಕಡೆ ಒಂದು ರಸ್ತೆ ಕೆಲಸ ಶುರುವಾಯಿತು. ಕಲ್ಲು ಹೊರುವ ಹೆಂಗಸಿಗೆ ಎಷ್ಟು ಕೊಡಬೇಕು ಎಂದು ರಸ್ತೆ ಇಲಾಖೆಯವರು ನಮ್ಮ ವರದಿ ನೋಡಿದರು. ಕೆಲಸವೇ ಇಲ್ಲದ ಜನ, ಊಟ ಬೇರೆ ಪುಷ್ಕಳ, ಎಷ್ಟು ಕೊಟ್ಟರೂ ಬರುತ್ತಾರೆ ಎಂದು ಒಂದು ರೂಪಾಯಿ ಇದ್ದದ್ದನ್ನು ಮುಕ್ಕಾಲು ರೂಪಾಯಿಗೆ ಇಳಿಸಿದರು. ಊರ ಜಮೀನುದಾರರು ಇನ್ನೂ ಬುದ್ಧಿವಂತರು. ಸರ್ಕಾರವೇ ಹನ್ನೆರಡಾಣೆ ಕೊಡುವಾಗ ನಾವು ಯಾಕೆ ರೂಪಾಯಿ ಕೊಡಬೇಕು ಎಂದು ಅವರೂ ಇಳಿಸಿದರು. ಹನ್ನೆರಡಾಣೆಗೆ ಕಲ್ಲು ಹೊತ್ತವರಲ್ಲಿ ದೊಡ್ಡಮಾದಮ್ಮನೂ ಒಬ್ಬಳು. ಫಾರಂ ನೋಡಿಯೇ ಕೂಲಿ ಇಳಿಸಿದರು ಎಂಬ ಸುದ್ದಿ ಊರಿಗೂ ಮುಟ್ಟಿತ್ತು.

ಕೂಲಿ ಇಳಿದ ತಿಂಗಳ ಮಂಗಳವಾರ ಹನೂರಿನಲ್ಲಿ ಏನೋ ಕಚೇರಿ ಕೆಲಸವಿದ್ದು ನಾನೂ ಚಿಕ್ಕಸಿದ್ದಯ್ಯನ ಜೊತೆ ಹೋಗಿದ್ದೆ. ರಸ್ತೆಯ ಬದಿಯಲ್ಲಿ ಹೆಂಗಸರು ಜಲ್ಲಿ ಸುರಿಯುತ್ತಿದ್ದರು. ದೊಡ್ಡಮಾದಮ್ಮ ಬುಟ್ಟಿ ಇಳಿಸಿ ನಮ್ಮ ಎದುರಿಗೇ ಬಂದಳು. ತಮ್ಮನ ಕಂಕುಳಲ್ಲಿದ್ದ ಫಾರಂ ಕಟ್ಟು ನೋಡಿದಳು.

"ಇದ್ರಲ್ಲಿ ನನ್ನ ಏನಂತ ಬರ್ದಿದ್ದೀಯಲಾ ಸಿದ್ದ?"

ಅವನು ನೆಲ ನೋಡಿದ. "ಕೆಲ್ಸ ಇಲ್ಲ ಅಂತ ಕನಕ್ಕ."

"ಕೆಲ್ಸ ಇಲ್ವಾ? ನಿನ್ನ ಓದ್ಸಿದ್ದು ಯಾವುದ್ರಲ್ಲಿ ಮತ್ತೆ? ಕೆಲ್ಸ ಇಲ್ದೋಳು ಸಿಲೇಟು ತಂದ್ಕೊಟ್ಲಾ, ಬಳ್ಪ ತಂದ್ಕೊಟ್ಲಾ?" ಅವಳು ಅಂಗೈ ಚಾಚಿದಳು. ಅಂಗೈ ತುಂಬ ಕಲ್ಲು ಒತ್ತಿದ ಬೊಬ್ಬೆ. "ಇದ ಬರ್ಕೊ. ನೀನೊಬ್ಬ ಕಾಯಮ್ಮಾಗಕ್ಕೆ ಊರೋರ್ ಬಾಯಿನ ಹಿಟ್ಟ ಕಿತ್ಕಂಡ್ಯಲ್ಲೋ, ಥೂ!"

ಉಗಿದು, ಬುಟ್ಟಿ ತಲೆಗೇರಿಸಿಕೊಂಡು ಹೋದಳು. ಉಗಿದದ್ದು ಚಿಕ್ಕಸಿದ್ದಯ್ಯನ ಕಾಲ ಬಳಿ ಬಿತ್ತು. ಅದರಲ್ಲಿ ನನ್ನ ಪಾಲೂ ಇತ್ತು ಎಂದು ನನಗೆ ಆಗಲೇ ಅನ್ನಿಸಿತು. ಅಂದಿನಿಂದ ಅವನು ಅಕ್ಕನ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಊರಿಗೆ ಹೋದರೆ ಹೊರಗೆ ಜಗಲಿಯ ಮೇಲೆ ಮಲಗಿ, ಹನೂರಿನಿಂದ ಕಟ್ಟಿಸಿಕೊಂಡು ಹೋದದ್ದನ್ನು ತಿನ್ನುತ್ತಿದ್ದನಂತೆ. ಆದರೂ ಫಾರಂ ಬಿಡಲಿಲ್ಲ, "ಇಲ್ಲ" ಬರೆಯುವುದನ್ನೂ ಬಿಡಲಿಲ್ಲ. ಮುಂದಿನ ಮಾರ್ಚಿ ಬರುತ್ತಿತ್ತಲ್ಲ! ನನಗೆ ಅವನ ಮೇಲೆ ಮರುಕ ಹುಟ್ಟಬೇಕಿತ್ತು, ಹುಟ್ಟಿದ್ದು ಹೇಸಿಗೆ. ಸುಳ್ಳನ್ನು ಇಷ್ಟು ಪ್ರಾಮಾಣಿಕವಾಗಿ ಬರೆಯುವ ಇನ್ನೊಬ್ಬನನ್ನು ನಾನು ಕಂಡಿರಲಿಲ್ಲ.

ಅರವತ್ತೇಳರ ಜೂನ್‌ನಲ್ಲಿ ಕೊನೆಗೂ ಆ ಮಾರ್ಚಿ ಬಂತು. ಐದು ವರ್ಷಕ್ಕಿಂತ ಹೆಚ್ಚು ದುಡಿದ ದಿನಗೂಲಿಯವರನ್ನು ಕಾಯಂ ಮಾಡಬೇಕು, ಅವರ ವಿವರ ಕಳಿಸಿ ಎಂದು ಆದೇಶ. ಅದಕ್ಕೆಂದು ಬೇರೆ ಫಾರಂ ಅಚ್ಚುಹಾಕಿಸಲು ಮೇಲೆ ಯಾರಿಗೂ ಪುರುಸೊತ್ತಿರಲಿಲ್ಲ. ನಮ್ಮ ಅದೇ ಫಾರಂ ಕಳಿಸಿದ್ದರು. ತುಂಬಬೇಕಾದ ದಿನವೂ ಅದೇ, ತಿಂಗಳ ಮೊದಲ ಮಂಗಳವಾರ. ಮೊದಲ ಪ್ರಶ್ನೆಗೆ "ಇಲ್ಲ" ಎಂದವರನ್ನು ಪರಿಗಣಿಸತಕ್ಕದ್ದಲ್ಲ ಎಂದು ಕೆಳಗೆ ಒಂದು ಸಾಲು.

ಚಿಕ್ಕಸಿದ್ದಯ್ಯ ಊರಿಂದ ಬೆಳಗಿನ ಬಸ್ಸಿಗೆ ಬಂದ. ಒಗೆದ ಅಂಗಿ, ಹಣೆಗೆ ವಿಭೂತಿ. ಸಾಹೇಬರೂ ಅಂದು ಹುರುಪಿನಲ್ಲಿದ್ದರು. ತಾವೇ ಕೊಟ್ಟ ಮಾತು ತಾವೇ ನಡೆಸಿಕೊಟ್ಟ ಹಾಗೆ ಮುಖ. ನಾನು ಫಾರಂ ಮಿಷನ್ನಿಗೆ ಏರಿಸಿ, ಹೆಸರು, ಊರು, ವಯಸ್ಸು ಒತ್ತಿ, ತಲೆ ಎತ್ತದೆ ಕೇಳಿದೆ:

"ನಿನ್ನೆ ಏನು ಕೆಲಸ ಮಾಡಿದೆ?"

ತಲೆ ಎತ್ತಿದೆ. ಅವನು ಗೋಡೆಯ ಮೇಲಿನ ನಕ್ಷೆ ನೋಡುತ್ತಿದ್ದ. ಅವನೂ ಆ ಸೀಮೆಯವನೇ. ಭಾನುವಾರ ಊರಿಗೆ ಹೋದರೆ ಸೋಮವಾರ ಮಾದಪ್ಪನ ವಾರವೆಂದು ಅಲ್ಲೇ ಉಳಿಯುತ್ತಿದ್ದ. ಒಂದು ದಿನದ ಕೂಲಿ ಉಳಿಯಿತು ಎಂದು ಸಾಹೇಬರೂ ಎಂದೂ ಬೇಡ ಅಂದಿರಲಿಲ್ಲ.

"ನೆನ್ನೆ ಸೋಮ್ವಾರ ಕನ್ ಮಾದಸ್ವಾಮಣ್ಣ," ಎಂದ. "ಏನೂ ಮಾಡ್ನಿಲ್ಲ."

ಸಾಹೇಬರು ನಕ್ಕರು. "ಏ ಮಂಕೆ, ನಿನ್ನೆ ಅಂದ್ರೆ ನಿನ್ನೇನೇ ಅಂತಲ್ಲ ಕಣಯ್ಯ. ಕೆಲಸ ಮಾಡೋ ದಿನ ಅಂತ ಅರ್ಥ. ಮಾದಸ್ವಾಮಿ, ಕಚೇರಿ ಕೆಲಸ ಅಂತ ಹಾಕು."

ನಾನು ಕೈ ಎತ್ತಿದೆ, ಆದರೆ ಒತ್ತಲಾಗಲಿಲ್ಲ. ಚಿಕ್ಕಸಿದ್ದಯ್ಯ ಮೇಜಿನ ಹತ್ತಿರ ಬಂದಿದ್ದ.

"ಎಂಟು ವರ್ಸದ ಇಂದೆ ಇದೇ ಜಾಗ್ದಲ್ಲಿ ನಿಂತ್ಕಂಡು ನಾ ಇದೇ ಮಾತ ಅಂದಿದ್ದೆ ಸಾ. ಫಾರಂ ತಿದ್ದೋಕೆ ನೀನ್ಯಾರು ಅಂದ್ರಿ."

"ಅದು ಊರಿನ ಲೆಕ್ಕ. ಇದು ನಿನ್ನ ವಿಷಯ. ಎರಡೂ ಒಂದೇನಯ್ಯ?"

"ಒಂದೇ ಫಾರಂ ಸಾ." ಅವನು ಗೋಡೆಯ ಕಡೆ ಕೈ ತೋರಿಸಿದ. "ನನಗ್ ಗೇಯೋ ದಿನದ ಲೆಕ್ಕ ಇಡುದ್ರೆ ಅವ್ರಿಗೂ ಇಡೀರಿ. ಆ ನಕ್ಸೆ ಇಳ್ಸಿ. ನಾನೇ ಕುಂತು ಎಂಟು ವರ್ಸದ್ದೂ ತಿರ್ಗ ಬರ್ದುಕೊಡ್ತೀನಿ, ಕೂಲಿ ಬ್ಯಾಡ."

ಸಾಹೇಬರ ನಗು ಆರಿತು. ನಕ್ಷೆ ಇಳಿಸಿದರೆ ಹನ್ನೆರಡು ಪುಟದ ವರದಿ ಸುಳ್ಳಾಗುತ್ತದೆ, ವರದಿ ಸುಳ್ಳಾದರೆ ಸಾಹೇಬರೇ ಸುಳ್ಳಾಗುತ್ತಾರೆ. "ಹೆಚ್ಚು ಮಾತಾಡಬೇಡ. ಕಚೇರಿ ಕೆಲಸ ಅಂತೀಯೋ, ಇಲ್ಲ ಅಂತೀಯೋ? ಒಂದು ಹೇಳು."

ನಾನು ಮೆಲ್ಲಗೆ ಅಂದೆ, "ಹೂಂ ಅನ್ನಪ್ಪಾ. ಒಂದು ಮಾತು. ಪಿಂಚಣಿ ಬರ್ತದೆ."

ಅವನು ನನ್ನ ಕಡೆ ನೋಡಿದ. ಇಷ್ಟು ವರ್ಷ ನಾನು ಅವನನ್ನು ನೋಡುತ್ತಿದ್ದ ನೋಟದಲ್ಲೇ ಅವನು ಈಗ ನನ್ನನ್ನು ನೋಡಿದ. ನಾನು ಕಣ್ಣು ತಗ್ಗಿಸಿದೆ.

"ನಮ್ಮಕ್ಕುಂಗೆ ಇಲ್ಲ ಅಂತ ಬರ್ದ ಕೈಯಿದು. ನನಗ್ಮಾತ್ರ ಉಂಟು ಅಂತ ಬರುಸ್ಕಳ್ಲಾ?" ಎಂದ. "ಒತ್ತಣ್ಣ. ಇಲ್ಲ ಅಂತ ಒತ್ತು."

ಒತ್ತಿದೆ. ಅವನು ಕಂಕುಳಲ್ಲಿದ್ದ ಖಾಲಿ ಫಾರಂ ಕಟ್ಟನ್ನು ಸಾಹೇಬರ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದ. ಮಂಡಿಯ ಗೂಡಿನ ಮೂಟೆಗಳ ನಡುವೆ ಅವನ ಬಿಳೀ ಅಂಗಿ ಸ್ವಲ್ಪ ಹೊತ್ತು ಕಾಣಿಸಿತು. ಸಾಹೇಬರು ಗಂಟೆ ಬಾರಿಸಿ ಕಾಫಿ ತರಿಸಿಕೊಂಡರು.

ಅವನ ಜಾಗಕ್ಕೆ ಸಾದಿಲ್ವಾರಿನಲ್ಲೇ ರಂಗನಾಯಕ ಎಂಬ ಇನ್ನೊಬ್ಬನನ್ನು ತಂದರು. ಅವನಿಗೂ ಮಾರ್ಚಿಯ ಆಸೆ ಹಚ್ಚಿದರು. ಮುಂದಿನ ತಿಂಗಳ ಮಂಗಳವಾರ ರಂಗನಾಯಕ ಹನೂರಿನ ಕಡೆ ಹೋಗಿ ಬಂದು ಹೇಳಿದ: ಚಿಕ್ಕಸಿದ್ದಯ್ಯ ಇನ್ನೂ ಮುಗಿಯದ ಆ ರಸ್ತೆ ಕೆಲಸದಲ್ಲಿ ಅಕ್ಕನ ಜೊತೆ ಜಲ್ಲಿ ಹೊರುತ್ತಿದ್ದಾನೆ, ಮಧ್ಯಾಹ್ನ ಇಬ್ಬರೂ ಮರದಡಿ ಕೂತು ಒಂದೇ ತಟ್ಟೆಯಲ್ಲಿ ಹಿಟ್ಟು ಉಂಡರು, ತನಗೂ ಒಂದು ತುತ್ತು ಕೊಟ್ಟರು ಎಂದು. ಆಮೇಲೆ ಫಾರಂ ಕಟ್ಟು ಬಿಚ್ಚಿ ನನ್ನ ಮುಂದಿಟ್ಟ. ಮೇಲಿದ್ದದ್ದು ಚಿಕ್ಕಸಿದ್ದಯ್ಯನದು. ನಿನ್ನೆ ಮಾಡಿದ ಕೆಲಸ: ಇಲ್ಲ.

ಆ ತಿಂಗಳ ವರದಿಯಲ್ಲಿ ಹನೂರು ಕಡೆಯ ನಿರುದ್ಯೋಗಿಗಳಲ್ಲಿ ಒಬ್ಬ ಹೆಚ್ಚಾದ. ಅದನ್ನು ಟೈಪು ಮಾಡಿದವನೂ ನಾನೇ. ನನಗೆ ಈಗ ಪಿಂಚಣಿ ಬರುತ್ತಿದೆ.