ಮುರಿಯದ ಕೊಂಡಿ

ನಾಗಸಂದ್ರದ ರಾಮಾಂಜಿನಪ್ಪ ಸಮುದ್ರ ಕಂಡವನಲ್ಲ. ಅವನು ಕಂಡ ದೊಡ್ಡ ನೀರೆಂದರೆ ಊರ ಕೆರೆ, ಅದೂ ಬೇಸಿಗೆ ಬಂದರೆ ಮೊಣಕಾಲುದ್ದ. ಅಂಥವನ ಕೈಯಲ್ಲಿ ಸಮುದ್ರದ ಲಾಂಚುಗಳ ಜೀವವಿತ್ತು ಎಂದರೆ ನಂಬುತ್ತೀರಾ? ಪೀಣ್ಯದಲ್ಲಿ ಪಟ್ಟಾಭಿರಾಮರ ಶೆಡ್ಡಿನಲ್ಲಿ ಕಬ್ಬಿಣ ಬಡಿದು ದಪ್ಪ ಕೊಂಡಿಗಳನ್ನು ಮಾಡುತ್ತಿದ್ದರು. ಮೀನಿನ ಲಾಂಚಿನ ಸರಪಳಿಯನ್ನು ದಡದ ಗೂಟಕ್ಕೆ ಬಿಗಿಯುವ ಕೊಂಡಿಗಳು ಅವು. ಅವನ್ನು ಪರೀಕ್ಷೆ ಮಾಡುವ ಕೆಲಸ ಇವನದು.

ಪರೀಕ್ಷೆಗೆ ಯಂತ್ರಗಿಂತ್ರ ಏನೂ ಇಲ್ಲ. ಕೊಂಡಿಯನ್ನು ಹಗ್ಗಕ್ಕೆ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುವುದು. ಗಟ್ಟಿ ಕಬ್ಬಿಣ ಖಣ್ಣೆನ್ನುತ್ತದೆ, ಒಳಗೆ ಬಿರುಕಿದ್ದರೆ ದಡ್ಡೆನ್ನುತ್ತದೆ. ಖಣ್ಣೆಂದದ್ದಕ್ಕೆ 'ರಾ' ಎಂಬ ಅಕ್ಷರದ ಅಚ್ಚು ಹೊಡೆಯುತ್ತಿದ್ದ. ಅದು ಬಿದ್ದ ಮೇಲೆ ಯಜಮಾನರೂ ಮತ್ತೆ ಮುಟ್ಟಿ ನೋಡುತ್ತಿರಲಿಲ್ಲ.

ಎಪ್ಪತ್ತೇಳರ ಆಯುಧಪೂಜೆ. ಹಾರ ಹಾಕಿಸಿಕೊಂಡ ಲಾರಿ ಖಾಲಿ ಹೊರಡಬಾರದು ಎಂಬುದು ಆ ಶೆಡ್ಡಿನ ಪದ್ಧತಿ. ಆಂಧ್ರದ ತೀರಕ್ಕೆ ಹೋಗಬೇಕಾದ ನಲವತ್ತು ಕೊಂಡಿಗಳು ಸಿದ್ಧವಾಗಿದ್ದವು. ಬಾಗಿಲಲ್ಲಿ ತಮಟೆಯವರು ಕಿವಿ ಹರಿಯುವಂತೆ ಬಡಿಯುತ್ತಿದ್ದರು. ರಾಮಾಂಜಿನಪ್ಪ ತಟ್ಟಿದ, ಏನೂ ಕೇಳಿಸಲಿಲ್ಲ.

"ಸಾಮಿ, ತಮಟೆ ನಿಂತ್ಮೇಲೆ ನೋಡ್ತೀನಿ," ಎಂದ.

"ಒಳ್ಳೇ ಗಳಿಗೆ ಮೀರುತ್ತೆ ಕಣಯ್ಯ! ನಿನ್ನ ಕೈಯಿಂದ ಕೆಟ್ಟದ್ದು ಯಾವತ್ತು ಹೋಗಿದೆ?" ಎಂದರು ಪಟ್ಟಾಭಿರಾಮರು.

ಹೊಗಳಿಕೆಗೆ ಉಬ್ಬಿದ ಪುಣ್ಯಾತ್ಮ ನಲವತ್ತಕ್ಕೂ ಅಚ್ಚು ಹೊಡೆದೇಬಿಟ್ಟ.

ತಿಂಗಳು ಕಳೆಯಿತಷ್ಟೆ. ಆಂಧ್ರದ ತೀರಕ್ಕೆ ಚಂಡಮಾರುತ ಅಪ್ಪಳಿಸಿತೆಂದು ರೇಡಿಯೊ ಹೇಳಿತು. ಊರಿಗೆ ಊರೇ ಕೊಚ್ಚಿಹೋಗಿದೆಯಂತೆ. ರಾಮಾಂಜಿನಪ್ಪ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಗಾಳಿ ಎದ್ರೆ ನೀನೇನ್ ಮಾಡೀಯ? ಉಣ್ಣು," ಎಂದಳು ಹೆಂಡತಿ ಅಂಜಿನಮ್ಮ.

"ಗಾಳಿ ಮಾತಲ್ಲ ಕಣೆ. ನನ್ ಕೊಂಡಿ ಮುರ್ದು ಯಾರಾನ ಸತ್ತಿದ್ರೆ?"

ಪೀಣ್ಯದವರು ಅಕ್ಕಿ, ಕಂಬಳಿ ತುಂಬಿದ ಲಾರಿಯನ್ನು ಕಳಿಸುವಾಗ ಇವನೂ ಹತ್ತಿ ಕುಳಿತ.

ಅಬ್ಬಬ್ಬಾ, ಅಲ್ಲಿ ಕಂಡದ್ದು! ಸಮುದ್ರ ಮುಟ್ಟುವುದಕ್ಕೆ ಇನ್ನೂ ಅರ್ಧ ಮೈಲಿ ಇರುವಾಗಲೇ, ಭತ್ತದ ಗದ್ದೆಯ ನಡುವೆ ಸರಕಿನ ಹಡಗೊಂದು ಕೂತಿತ್ತು, ತಾನು ಅಲ್ಲೇ ಹುಟ್ಟಿದ್ದೇನೋ ಎಂಬಂತೆ. ಎತ್ತಿಟ್ಟವರು ಯಾರು? ಎತ್ತಿದ ಕೈ ಎಂಥದ್ದಿರಬೇಕು? ತಾಳೆಮರದ ನೆತ್ತಿಯಲ್ಲಿ ಬಲೆ ಸಿಕ್ಕಿಕೊಂಡಿತ್ತು. ಅಷ್ಟು ಎತ್ತರಕ್ಕೆ ಬಂದ ನೀರು ಈಗ ದೂರದಲ್ಲಿ ಏನೂ ಅರಿಯದ ಹಸುವಿನಂತೆ ಮಲಗಿತ್ತು. ರಾಮಾಂಜಿನಪ್ಪ ಚಪ್ಪಲಿ ಕಳಚಿ ಕೈಮುಗಿದ. ಭಯವೋ ಭಕ್ತಿಯೋ ಅವನಿಗೇ ತಿಳಿಯಲಿಲ್ಲ.

ಕೊಂಡಿ ಪರೀಕ್ಷೆ ಮಾಡಿದವನು ತಾನೆಂದು ಹೇಳಿದಾಗ ಪಾಪಯ್ಯ ಎಂಬ ಲಾಂಚಿನವನು ಅವನನ್ನು ದಡದ ಕಟ್ಟೆಗೆ ಕರೆದೊಯ್ದ. ಇವನ ತಾಯಿಯ ಮನೆಮಾತು ತೆಲುಗಾದ್ದರಿಂದ ಮಾತಿಗೇನೂ ತೊಡಕಾಗಲಿಲ್ಲ. ಗೂಟದಲ್ಲಿ ಒಂದು ಕೊಂಡಿ ಇನ್ನೂ ಬಿಗಿಯಾಗಿತ್ತು. ಅದರ ಸರಪಳಿ ನೆಟ್ಟಗೆ ನೀರಿಗೆ ಇಳಿದಿತ್ತು. ಬಗ್ಗಿ ನೋಡಿದರೆ 'ರಾ'!

"ಮುರ್ದಿಲ್ಲ! ನಮ್ಮಪ್ಪಾ, ಮುರ್ದಿಲ್ಲ!" ಎಂದು ಕಣ್ಣೀರಿಟ್ಟ. ರೇಡಿಯೊ ಕೇಳಿದಂದಿನಿಂದ ಹೊತ್ತಿದ್ದ ಭಾರ ಇಳಿದಂತಾಯಿತು. ಆಗ ಅಚ್ಚಿನ ಪಕ್ಕದಲ್ಲೇ ಆಳವಾದ ಗಾಯಗಳು ಕಂಡವು.

"ಇದೇನಣ್ಣ?"

"ಕೊಡಲಿ ಏಟು," ಎಂದ ಪಾಪಯ್ಯ. "ಆ ಕಡೆಯ ಲಾಂಚನ್ನು ಹಳೇ ಹಗ್ಗದಲ್ಲಿ ಕಟ್ಟಿದ್ದರು. ಹಗ್ಗ ಹರಿದು ಲಾಂಚು ಗದ್ದೆಗೆ ಹಾರಿತು. ಅದರಲ್ಲಿದ್ದ ಏಳು ಜನವೂ ಬದುಕಿದರು. ನೀರು ಎದ್ದಾಗ ನಮ್ಮದೂ ಏಳಬೇಕಿತ್ತು; ಈ ಕೊಂಡಿ ಏಳಗೊಡಲಿಲ್ಲ. ಲಾಂಚಿನ ಮೂತಿ ನೀರೊಳಕ್ಕೆ ಹೋಗ್ತಾ ಇತ್ತು. ನನ್ನ ತಮ್ಮ ಕಟ್ಟೆಗೆ ನೆಗೆದು ಇದನ್ನು ಕಡಿದ. ಕಡಿದೇ ಕಡಿದ. ಆಮೇಲೆ ಅಲೆ ಬಂತು, ನನ್ನನ್ನು ಎತ್ತಿ ಗದ್ದೆಗೆ ಒಗೆಯಿತು."

"ತಮ್ಮ?"

ಪಾಪಯ್ಯ ಸರಪಳಿ ಇಳಿದ ಕಡೆ ನೋಡಿದ.

ರಾಮಾಂಜಿನಪ್ಪ ಕೊಂಡಿಯಿಂದ ಹಿಂದೆ ಸರಿದ. ಮುರಿಯದಿರಲಿ ಎಂದು ಹಗಲಿರುಳು ಬೇಡಿಕೊಂಡವನು ಅವನೇ ತಾನೆ! "ತಪ್ಪಾಯ್ತಣ್ಣ," ಎಂದು ಕಾಲು ಹಿಡಿಯಲು ಹೋದ. ಪಾಪಯ್ಯ ಅವನ ರಟ್ಟೆ ಹಿಡಿದು ಎತ್ತಿದ.

"ಮುರಿಯದ್ದೇ ಬೇಕೆಂದು ಕೇಳಿದವರು ನಾವು. ನೀನೇನು ಮಾಡ್ತೀಯ? ಹೊಸ ಲಾಂಚು ಕಟ್ಟಿಸಬೇಕು. ಎರಡು ಕೊಂಡಿ ಕಳಿಸು."

"ಇನ್ನೂ... ಇಂಥದ್ದೇನಾ?"

"ಇಂಥದ್ದೇ," ಎಂದ ಪಾಪಯ್ಯ. "ದಿನಾ ಬೀಸೋ ಗಾಳಿಗೆ ಲಾಂಚು ನಿಲ್ಲಬೇಕಲ್ಲಪ್ಪ."