ಭತ್ತದ ಗಿಡಕ್ಕೆ ಕರಿಮಣಿ

ಇದನ್ನು ಈ ಅಂಕಣದಲ್ಲಿ ಬರೆಯಬೇಕೆಂದು ಪ್ರತಿ ವಾರ ಕೂರುತ್ತೇನೆ. ಪ್ರತಿ ವಾರವೂ ಬೇರೇನೋ ಬರೆದು ಕಳಿಸುತ್ತೇನೆ. (ಕರೆಂಟ್ ಕಟ್ ಬಗ್ಗೆ ನಾನು ಅಷ್ಟೊಂದು ಬರೆದದ್ದು ಏಕೆಂದು ಈಗ ಗೊತ್ತಾಯಿತಲ್ಲ!) ಇನ್ನು ಮುಂದೂಡಲಾರೆ.

ಭೂಮಿ ಹುಣ್ಣಿಮೆ ನಿಮಗೆ ಗೊತ್ತೇ ಇದೆ. ಹೊಡೆ ತುಂಬಿ ಇನ್ನೇನು ತೆನೆ ಬಿಡಲಿರುವ ಭತ್ತದ ಗದ್ದೆ ನಮಗೆ ಬಸುರಿ. ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ ಅದು. ನಮ್ಮಲ್ಲಿ ಮನೆಯ ಹೆಂಗಸೊಬ್ಬಳು ತನ್ನ ಕರಿಮಣಿ ಸರವನ್ನು ಗಿಡಕ್ಕೆ ತೊಡಿಸುತ್ತಾಳೆ. ಪೂಜೆ ಮುಗಿದ ಮೇಲೆ ಅದು ಮತ್ತೆ ಅವಳ ಕೊರಳಿಗೆ.

ಬಹಳ ವರ್ಷಗಳ ಹಿಂದೆ ನನ್ನ ಅತ್ತಿಗೆ ಹಾಗೆ ಸರ ಬಿಚ್ಚಿದ್ದರು. ಅಣ್ಣನಿಗೂ ಅವರಿಗೂ ಮಕ್ಕಳಿರಲಿಲ್ಲ. ನಾನು ಎಲ್ಲರ ಮುಂದೆ, "ಹೆತ್ತವ್ರು ಹಾಕ್ಲಿ. ಬೆಳೆ ಜೊಳ್ಳಾದ್ರೆ ಎಂತ ಮಾಡೂದು?" ಎಂದೆ.

ಯಾವ ಶಾಸ್ತ್ರ ಹಾಗೆ ಹೇಳಿತ್ತು? ಯಾವುದೂ ಇಲ್ಲ. ಹೇಳಿದವನು ನಾನೇ. ಅಂದಿನಿಂದ ಅತ್ತಿಗೆ ಹಬ್ಬದ ಅಡುಗೆಯನ್ನೆಲ್ಲ ಮಾಡುತ್ತಿದ್ದರು. ಗದ್ದೆಗೆ ಮಾತ್ರ ಇಳಿಯುತ್ತಿರಲಿಲ್ಲ.

ಈ ಸಲ ನನ್ನ ಹೆಂಡತಿಗೆ ಮಂಡಿನೋವು. ಸರ ತೊಡಿಸುವ ಕೆಲಸ ಸೊಸೆಗೆ ಬಂತು. ಹಳೆಯ ಕತೆ ಅವಳಿಗೆ ಗೊತ್ತಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಅತ್ತಿಗೆಯ ಕೈ ಹಿಡಿದಳು.

"ದೊಡ್ಡತ್ತೆ, ನೀವು ಬರದಿದ್ರೆ ನಾನೂ ಬರೂದಿಲ್ಲ. ನಂಗೆ ಗದ್ದೆ ಅಂಚಲ್ಲಿ ನಡೀಲಿಕ್ಕೇ ಬರೂದಿಲ್ಲ!"

ಅತ್ತಿಗೆ ಬಂದರು. ಗದ್ದೆಯಲ್ಲಿ ಸೊಸೆ ಮತ್ತೆ ಶುರು ಮಾಡಿದಳು. "ನಂದು ಫ್ಯಾನ್ಸಿ ಚೈನು. ಭೂಮಿತಾಯಿ ನಗಾಡ್ತಾಳೆ. ನಿಮ್ದೇ ಹಾಕಿ, ದೊಡ್ಡತ್ತೆ."

ಅತ್ತಿಗೆ ನನ್ನ ಮುಖ ನೋಡಿದರು. "ನಿನ್ ಮಾವನ್ನ ಕೇಳು. ಶಾಸ್ತ್ರ ಎಲ್ಲ ಅವ್ರಿಗೇ ಗೊತ್ತಿರೂದು."

ಕೈಯಲ್ಲಿದ್ದ ಎಡೆಯನ್ನು ಗದ್ದೆಯಂಚಿನ ಮೇಲೆ ಇಟ್ಟೆ. "ಹಾಕಿ ಅತ್ತಿಗೆ" ಎಂದೆ. ಅಷ್ಟೇ ಬಾಯಿಗೆ ಬಂದದ್ದು.

"ಜೊಳ್ಳಾದ್ರೆ ನನ್ ಮೇಲೆ ಹಾಕ್ಬೇಡ ಮಾರಾಯ!" ಎಂದು ನಗುತ್ತಲೇ ಸರ ಬಿಚ್ಚಿದರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿಯೂ ನೋಡದವನಂತೆ ನಿಂತೆ. ಆ ದಿನ ಉಂಡ ಊಟ ನನ್ನ ಮೈಗೆ ಹತ್ತಿತು.

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಾವು ಮುದುಕರು ಸೇರಿದರೆ ಒಂದೇ ರಾಗ: ಟಿಲ್ಲರ್ ಬಂತು, ಗದ್ದೆಯೆಲ್ಲ ತೋಟವಾಯಿತು, ಇನ್ನು ಹಬ್ಬ ಎಲ್ಲಿ ಉಳಿಯುತ್ತದೆ? ಹಬ್ಬದಿಂದ ನಾವೇ ಆಚೆ ಅಟ್ಟಿದವರ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಮ್ಮ ಮನೆಯಲ್ಲಂತೂ ಹಬ್ಬ ಉಳಿಯಿತು. (ನನ್ನಿಂದಲ್ಲ, ಸೊಸೆಯಿಂದ!)

'ತಪ್ಪಾಯಿತು' ಎಂಬ ಮಾತನ್ನು ಮಾತ್ರ ಅತ್ತಿಗೆಗೆ ಇನ್ನೂ ಹೇಳಿಲ್ಲ. ಈ ಅಂಕಣವನ್ನು ಅವರು ಬಿಡದೆ ಓದುತ್ತಾರೆ. ಅವಮಾನ ಮಾಡಿದ್ದು ಹತ್ತು ಜನರೆದುರು. ಕ್ಷಮೆ ಕೇಳುವುದೂ ಹಾಗೆಯೇ ಆಗಲಿ, ರುಕ್ಮಿಣಿ ಅತ್ತಿಗೆ.